ಕಾರ್ಮಿಕರ ಪಿಎಫ್ ಮುರಿಸುವುದು ಪರಿಹಾರವಲ್ಲ

ಕೇಂದ್ರ ಕಾರ್ಮಿಕ ಮತ್ತು ಉದ್ಯೋಗ ಸಚಿವರಿಗೆ,



2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎರಡು ದಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಕೂತದ್ದು ನಿಮ್ಮ ಇಲಾಖೆಗೆ ಮರೆತಿರಲಾರದು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂಬ ನಿಯಮದ ವಿರುದ್ಧದ ಸಿಟ್ಟು ಅದು. ಎರಡನೇ ದಿನವೇ ಸರ್ಕಾರ ನಿಯಮವನ್ನು ವಾಪಸ್ ಪಡೆಯಿತು. ವೃದ್ಧಾಪ್ಯದ ಉಳಿತಾಯಕ್ಕೆ ಇಷ್ಟೊಂದು ಗಲಾಟೆ ಏಕೆ ಎಂದು ಆಗ ಬಹಳ ಜನ ಹುಬ್ಬೇರಿಸಿದ್ದರು. ಟೈಲರ್, ಹೆಲ್ಪರ್, ಚೆಕ್ಕರ್‌ಗಳ ಪಾಲಿಗೆ ಪಿಎಫ್ ಮುಪ್ಪಿನ ದುಡ್ಡಲ್ಲ ಸ್ವಾಮಿ. ಕೆಲಸ ಹೋದ ತಿಂಗಳು ಮನೆ ಬಾಡಿಗೆ ಕಟ್ಟುವ, ಅಡವಿಟ್ಟ ಓಲೆ ಬಿಡಿಸಿಕೊಳ್ಳುವ ದುಡ್ಡು.

ಇದು ನಿಮಗೂ ಗೊತ್ತು. ಗೊತ್ತಿದ್ದೇ 2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನ್ ಶುರುವಾದ ವಾರದೊಳಗೆ, ಪಿಎಫ್‌ನಿಂದ ಮೂರು ತಿಂಗಳ ಸಂಬಳದಷ್ಟು ಅಥವಾ ಖಾತೆಯ ಶೇ 75ರಷ್ಟು, ಯಾವುದು ಕಡಿಮೆಯೋ ಅಷ್ಟು ತೆಗೆಯಬಹುದು ಎಂದಿರಿ. ಅವರದೇ ಗಂಟು ಬಿಚ್ಚಿಕೊಳ್ಳಲು ಅವರಿಗೇ ಅನುಮತಿ ಕೊಟ್ಟು, ಅದನ್ನು ಪರಿಹಾರದ ಪಟ್ಟಿಯಲ್ಲಿ ಸೇರಿಸಿಕೊಂಡಿರಿ.

ಅದೇ ಮಾರ್ಚ್ 29ರಂದು ಗೃಹ ಸಚಿವಾಲಯ ಇನ್ನೊಂದು ಆದೇಶ ಹೊರಡಿಸಿತು: ಫ್ಯಾಕ್ಟರಿ ಮುಚ್ಚಿದ್ದರೂ ಮಾಲೀಕರು ಪೂರ್ತಿ ಸಂಬಳ ಕೊಡಬೇಕು. ಕೇಳಲು ಚೆನ್ನಾಗಿತ್ತು. ಆದರೆ ಆ ಸಂಬಳಕ್ಕೆ ಸರ್ಕಾರ ತನ್ನ ಕಡೆಯಿಂದ ಒಂದು ಪೈಸೆಯನ್ನೂ ಸೇರಿಸಲಿಲ್ಲ. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು, ಮೇ 18ರಿಂದ ಸರ್ಕಾರವೇ ಆದೇಶವನ್ನು ಕೈಬಿಟ್ಟಿತು, ಜೂನ್ 12ರಂದು ಕೋರ್ಟು ಮಾಲೀಕರು, ಕಾರ್ಮಿಕರು ತಾವುತಾವೇ ಮಾತಾಡಿ ಬಗೆಹರಿಸಿಕೊಳ್ಳಲಿ ಎಂದಿತು. ಮಾಲೀಕರ ಪರ ವಕಾಲತ್ತು ವಹಿಸುವ ಅಭ್ಯಾಸ ನನಗಿಲ್ಲ, ಆದರೂ ಹೇಳುತ್ತೇನೆ: ಆ ಜಗಳದಲ್ಲಿ ಅವರ ದೂರು ಪೂರ್ತಿ ಸುಳ್ಳಾಗಿರಲಿಲ್ಲ. ಆ ಜೂನ್‌ನಲ್ಲೇ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಘಟಕವೊಂದರ ಸುಮಾರು 1,200 ಕಾರ್ಮಿಕರು, ಬಹುಪಾಲು ಹೆಂಗಸರು, ಹೊಲಿಗೆ ಯಂತ್ರಗಳನ್ನು ಹೊರಗೆ ಸಾಗಿಸಬೇಡಿ ಎಂದು ಧರಣಿ ಕೂತರು. ಯಾರೊಡನೆ ಮಾತಾಡಿ ಬಗೆಹರಿಸಿಕೊಳ್ಳಬೇಕಿತ್ತು ಅವರು?

ಕೆಲಸ ಹೇಗೆ ಹೋಗುತ್ತದೆ ಎಂದು ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಯಾರನ್ನಾದರೂ ಕೇಳಿ. ಮೊದಲು ಓವರ್‌ಟೈಮ್ ನಿಲ್ಲುತ್ತದೆ. ಆಮೇಲೆ ಎರಡು ಲೈನ್ ಸೇರಿ ಒಂದಾಗುತ್ತದೆ. ಕೊನೆಗೆ ಒಬ್ಬೊಬ್ಬರನ್ನೇ ಎಚ್‌ಆರ್ ರೂಮಿಗೆ ಕರೆದು, ‘ರಾಜೀನಾಮೆ ಬರೆದುಕೊಡಮ್ಮ, ಲೆಕ್ಕ ಚುಕ್ತಾ ಮಾಡ್ತೀವಿ, ಆರ್ಡರ್ ಬಂದ್ರೆ ನಾವೇ ಕರೀತೀವಿ’ ಎನ್ನುತ್ತಾರೆ. ಹಾಗೆ ಬರೆದುಕೊಟ್ಟವಳು ದಾಖಲೆಯ ಪ್ರಕಾರ ತಾನಾಗಿಯೇ ಕೆಲಸ ಬಿಟ್ಟವಳು. ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ 90 ದಿನಗಳವರೆಗೆ ಅರ್ಧ ಸಂಬಳ ಸಿಗುತ್ತದೆ ಎಂದು ನೀವು ಹೇಳಬಹುದು. ಅದು ಕೆಲಸ ಕಳೆದುಕೊಂಡ ಮೇಲಿನ ಮಾತು. ಕೈಯಲ್ಲಿ ರಾಜೀನಾಮೆ ಪತ್ರದ ನಕಲು ಹಿಡಿದವಳು ಕೆಲಸ ಕಳೆದುಕೊಂಡೆ ಎಂದು ಸಾಬೀತು ಮಾಡುವುದಾದರೂ ಹೇಗೆ?

ಹಣವಿಲ್ಲ ಎನ್ನಬೇಡಿ. 2025ರ ಆಗಸ್ಟ್ 1ರಿಂದ ಜಾರಿಯಾದ ನಿಮ್ಮ ವಿಕಸಿತ ಭಾರತ ರೋಜ್‌ಗಾರ್ ಯೋಜನೆಗೆ 99,446 ಕೋಟಿ ರೂಪಾಯಿ ತೆಗೆದಿಟ್ಟಿದ್ದೀರಿ. 50 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕನಿಷ್ಠ ಐದು ಮಂದಿ ಹೊಸಬರನ್ನು ಸೇರಿಸಿಕೊಂಡರೆ ಮಾಲೀಕರಿಗೆ ತಲೆಗೆ ತಿಂಗಳಿಗೆ 3,000 ರೂಪಾಯಿವರೆಗೆ ಕೊಡುತ್ತೀರಿ. ಅದೇ ತಿಂಗಳು, 27ರಂದು, ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಆರ್ಡರ್ ಕೈತಪ್ಪುವ ಅಂಥ ಹೊತ್ತಿನಲ್ಲಿ ಇರುವ ಸಾವಿರ ಜನರನ್ನು ಕಳಿಸದೆ ಇಟ್ಟುಕೊಂಡ ಫ್ಯಾಕ್ಟರಿಗೆ ಈ ಯೋಜನೆಯಲ್ಲಿ ಏನೂ ಇಲ್ಲ. ರಫ್ತುದಾರರ ಸಾಲಕ್ಕೆ ನವೆಂಬರ್‌ನಲ್ಲಿ 20,000 ಕೋಟಿಯವರೆಗೆ ಸರ್ಕಾರದ ಜಾಮೀನು ಸಿಕ್ಕಿತು. ಹೊಲಿಯುವವರ ಸಂಬಳಕ್ಕೆ ಜಾಮೀನು ಸಿಗಲಿಲ್ಲ.

ಜರ್ಮನಿಯಲ್ಲಿ ಕೆಲಸದ ಗಂಟೆ ಕಡಿತವಾದಾಗ ನಷ್ಟವಾದ ಸಂಬಳದ ಶೇ 60ರಷ್ಟನ್ನು, ಮಕ್ಕಳಿದ್ದವರಿಗೆ ಶೇ 67ರಷ್ಟನ್ನು ಸರ್ಕಾರಿ ಉದ್ಯೋಗ ಸಂಸ್ಥೆ ಭರಿಸುತ್ತದೆ. ಕಾರ್ಮಿಕ ಹಾಜರಿ ಪುಸ್ತಕದಲ್ಲೇ ಉಳಿಯುತ್ತಾನೆ. ಅದು ಶ್ರೀಮಂತ ದೇಶ, ಒಪ್ಪುತ್ತೇನೆ. ಆದರೆ ಪಿಎಫ್ ಚಲನ್ ಜೊತೆ ಯಾರ ಸಂಬಳ ಎಷ್ಟು ಎಂಬ ವಿವರ ತಿಂಗಳು ತಿಂಗಳು ನಿಮ್ಮ ಕಂಪ್ಯೂಟರಿಗೂ ಬರುತ್ತದಲ್ಲ? 2020ರಲ್ಲಿ ಅದನ್ನೇ ನೋಡಿ ಎರಡೂ ಪಾಲಿನ ಶೇ 24 ಪಿಎಫ್ ಅನ್ನು ಸರ್ಕಾರವೇ ಕೆಲವು ತಿಂಗಳು ಕಟ್ಟಿತ್ತು. 100 ಜನರವರೆಗಿನ ಸಂಸ್ಥೆಗಳಿಗೆ ಮಾತ್ರ ಎಂದು ಗೆರೆ ಎಳೆದಿದ್ದರಿಂದ ಐನೂರು, ಸಾವಿರ ಜನರಿರುವ ನಮ್ಮ ಗಾರ್ಮೆಂಟ್ಸ್‌ಗಳು ಹೊರಗುಳಿದವು, ಅಷ್ಟೆ.

ಆದ್ದರಿಂದ ಕೇಳುವುದಿಷ್ಟು. ಆರ್ಡರ್ ಬಿದ್ದುಹೋಗಿದೆ ಎಂದು ಲೆಕ್ಕ ತೋರಿಸುವ ಫ್ಯಾಕ್ಟರಿಯ ಕಾರ್ಮಿಕರಿಗೆ ಆರು ತಿಂಗಳ ಮಟ್ಟಿಗೆ ಅರ್ಧ ಸಂಬಳವನ್ನು ನೇರ ಅವರ ಖಾತೆಗೆ ಹಾಕಿ. ಉಳಿದದ್ದರಲ್ಲಿ ಮಾಲೀಕರ ಪಾಲೆಷ್ಟು ಎಂಬುದನ್ನು ಕಾರ್ಮಿಕ ಸಂಘಗಳನ್ನು ಕೂರಿಸಿಕೊಂಡು ನಿಗದಿ ಮಾಡಿ. ಆ ಅವಧಿಯಲ್ಲಿ ಬರೆಸಿಕೊಂಡ ರಾಜೀನಾಮೆಯನ್ನು ಕೆಲಸದಿಂದ ತೆಗೆದದ್ದೆಂದೇ ಪರಿಗಣಿಸಿ, ತೆಗೆದವರಿಂದ ಹಣ ವಸೂಲು ಮಾಡಿ. ಗುತ್ತಿಗೆ ಕಾರ್ಮಿಕರನ್ನು ಹೊರಗೆ ಬಿಡಬೇಡಿ. ಮುಂದಿನ ಬಿಕ್ಕಟ್ಟು ಬರುವ ಮೊದಲೇ ಇದನ್ನು ಕಾನೂನಾಗಿ ಬರೆದಿಡಿ.

ಇಂತಿ,
ಬೆಂಗಳೂರಿನ ಒಬ್ಬ ತೆರಿಗೆದಾರ