ಜೂನ್ ತಿಂಗಳ ನೋಟ್‌ಬುಕ್ಕು, ವರ್ಷವಿಡೀ ಪುಸ್ತಕ

ಮೊನ್ನೆ ಭಾನುವಾರ ಡೊಂಬಿವಲಿಯಲ್ಲಿ ಒಂದು ಕನ್ನಡ ಪುಸ್ತಕ ಬಿಡುಗಡೆ ಇತ್ತು. ಊಟ ಚೆನ್ನಾಗಿತ್ತು, ಭಾಷಣ ಉದ್ದವಿತ್ತು (ನಮ್ಮ ಕಾರ್ಯಕ್ರಮ ಅಂದ ಮೇಲೆ ಇಷ್ಟು ಗ್ಯಾರಂಟಿ). ಬಾಗಿಲ ಬಳಿ ಮೇಜು ಹಾಕಿ ಪುಸ್ತಕ ಮಾರಿದರು. ಮಾರನೇ ದಿನ ಅಂಧೇರಿಯ ಗೆಳೆಯರೊಬ್ಬರು ಫೋನ್ ಮಾಡಿ, "ಆ ಪುಸ್ತಕ ಎಲ್ಲಿ ಸಿಗ್ತದೆ ಮಾರಾಯ್ರೆ?" ಅಂದರು. ಲೇಖಕರ ಮನೆಗೇ ಫೋನ್ ಮಾಡಿ ಅಂದೆ. ಬೇರೆ ಏನು ಹೇಳಲಿ?

ಸಹಕಾರ ನಮಗೆ ಹೊಸದಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತು. ಮರುವರ್ಷ ಮುಂಬಯಿಯಲ್ಲಿ ಚಿತ್ರಾಪುರ ಸಾರಸ್ವತರು ಶಾಮರಾವ್ ವಿಠಲ್ ಸಹಕಾರಿ ಸಂಘ ಕಟ್ಟಿದರು, ಅದು ಇಂದು ದೊಡ್ಡ ಬ್ಯಾಂಕು. 1978ರಲ್ಲಿ ಬಿಲ್ಲವರು ಭಾರತ್ ಬ್ಯಾಂಕ್ ಶುರು ಮಾಡಿದರು. ಇಷ್ಟೆಲ್ಲಾ ಕಟ್ಟಿದವರಿಗೆ ಸಹಕಾರಿ ಪದ್ಧತಿಯ ನಾಲ್ಕು ಪುಸ್ತಕದಂಗಡಿ ಕಟ್ಟಲಾಗದೇ?

ಪಕ್ಕದ ಕೇರಳದವರು ಮಾಡಿ ತೋರಿಸಿದ್ದಾರೆ. 1945ರಲ್ಲಿ ಕೊಟ್ಟಾಯಂನಲ್ಲಿ ಹನ್ನೆರಡು ಜನ ಬರಹಗಾರರು 120 ರೂಪಾಯಿ ಬಂಡವಾಳದಲ್ಲಿ ಸಾಹಿತ್ಯ ಪ್ರವರ್ತಕ ಸಹಕಾರಿ ಸಂಘ ಆರಂಭಿಸಿದರು. ಎಂ. ಪಿ. ಪೌಲ್ ಅಧ್ಯಕ್ಷರು, ಕಾರೂರ್ ನೀಲಕಂಠ ಪಿಳ್ಳೆ ಕಾರ್ಯದರ್ಶಿ. ಮುಂದೆ ನ್ಯಾಷನಲ್ ಬುಕ್ ಸ್ಟಾಲ್ ಎಂಬ ಒಂದೇ ಬೋರ್ಡಿನಡಿ ಊರೂರಲ್ಲಿ ಅಂಗಡಿ ತೆರೆದರು, ಲೇಖಕರಿಗೆ ಶೇಕಡಾ 30ರಷ್ಟು ಗೌರವಧನ ಕೊಟ್ಟರು. ಆಮೇಲೆ ಆ ಸಂಘಕ್ಕೂ ಕಷ್ಟಕಾಲ ಬಂತು. ಆದರೆ ಮಲಯಾಳಿಗಳಿಗೆ ಪುಸ್ತಕ ಕೊಳ್ಳುವ ರೂಢಿ ಹಿಡಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಅಲ್ಲೇ ದುಡಿದ ಡಿ. ಸಿ. ಕಿಳಕ್ಕೇಮುರಿಯವರು 1974ರಲ್ಲಿ ಡಿ. ಸಿ. ಬುಕ್ಸ್ ಆರಂಭಿಸಿದರು.

ಈಗ ನನ್ನದೇ ಒಂದು ಕಥೆ. 1998ರ ಸುಮಾರಿಗೆ ಉಪನಗರದ ಶಾಖೆಯೊಂದರಲ್ಲಿ ಸಾಲ ವಿಭಾಗದಲ್ಲಿದ್ದೆ. ನಮ್ಮ ಕುಂದಾಪುರ ಕಡೆಯವರೊಬ್ಬರು ಶಾಲೆಯ ಎದುರು ಅಂಗಡಿ ಇಟ್ಟಿದ್ದರು. ಅರ್ಧ ನೋಟ್‌ಬುಕ್ಕು, ಪೆನ್ಸಿಲು. ಇನ್ನರ್ಧ ಕನ್ನಡ ಪುಸ್ತಕ. ಕ್ಯಾಶ್ ಕ್ರೆಡಿಟ್ ನವೀಕರಣಕ್ಕೆ ಬಂದರು. ಸ್ಟಾಕ್ ಸ್ಟೇಟ್‌ಮೆಂಟ್ ನೋಡಿದರೆ, ನೋಟ್‌ಬುಕ್ಕು ಜೂನ್‌ನಲ್ಲಿ ಬಂದು ಜುಲೈಯಲ್ಲಿ ಖಾಲಿ. ಕಾದಂಬರಿಗಳು ಹೋದ ವರ್ಷ ಇದ್ದಲ್ಲೇ ಇದ್ದವು. ಓಡದ ಮಾಲೆಂದು ಅದನ್ನಷ್ಟೂ ಲೆಕ್ಕದಿಂದ ಹೊರಗಿಟ್ಟು ಲಿಮಿಟ್ ಇಳಿಸಿದೆ. ನಿಯಮದ ಪ್ರಕಾರ ಸರಿಯೇ. ಮರುವರ್ಷ ತಪಾಸಣೆಗೆ ಹೋದಾಗ ಪುಸ್ತಕದ ಕಪಾಟಿನ ಜಾಗದಲ್ಲಿ ಝೆರಾಕ್ಸ್ ಮೆಷಿನ್ ಕೂತಿತ್ತು. "ನೀವೇ ಹೇಳಿದ್ರಲ್ಲ ಸಾರ್, ಹಳೇ ಮಾಲು ಇಡ್ಬೇಡಿ ಅಂತ," ಎಂದು ನಗುತ್ತಲೇ ಚಹಾ ತರಿಸಿದರು. ಆ ಚಹಾ ಇವತ್ತಿಗೂ ಗಂಟಲಲ್ಲಿದೆ.

ಅವರು ಒಬ್ಬರೇ ಇದ್ದರು, ಕಷ್ಟ ಇದ್ದದ್ದು ಅಲ್ಲಿ. ಅಂಥ ಹತ್ತು ಅಂಗಡಿ ಒಂದು ಸಂಘದಡಿ ಇದ್ದಿದ್ದರೆ ಮುಲುಂಡಿನಲ್ಲಿ ಹೋಗದ ಪುಸ್ತಕ ಮೀರಾ ರೋಡಿನಲ್ಲಿ ಹೋಗುತ್ತಿತ್ತು, ಅಲ್ಲೂ ಹೋಗದಿದ್ದರೆ ಸಂಘಕ್ಕೆ ವಾಪಸು. ಅಂಗಡಿಯವನ ದುಡ್ಡು ಅದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಅಂಗಡಿ, ಬಾಡಿಗೆ, ಗಲ್ಲಾ ಅವನದೇ. ಬೋರ್ಡು ಮತ್ತು ಮಾಲು ಸಂಘದ್ದು. ಹತ್ತು ಅಂಗಡಿಗೆ ಒಟ್ಟಿಗೆ ಕಾಗದ ಕೊಂಡು ನೋಟ್‌ಬುಕ್ಕು ಹೊಲಿಸಿದರೆ ಉಳಿಯುವ ಲಾಭವೇ ವರ್ಷವಿಡೀ ಪುಸ್ತಕವನ್ನು ಸಾಕುತ್ತದೆ. ಬರೀ ಕನ್ನಡ ಪುಸ್ತಕ ಮಾರಿ ಮುಂಬಯಿ ಬಾಡಿಗೆ ಕಟ್ಟುತ್ತೇನೆ ಅನ್ನುವವರಿಗೆ ನಾನಂತೂ ಈಗಲೂ ಸಾಲ ಕೊಡುವುದಿಲ್ಲ. ಫೋರ್ಟಿನ ಸ್ಟ್ರ್ಯಾಂಡ್ ಬುಕ್ ಸ್ಟಾಲ್‌ನಂಥದ್ದು, ಟಿ. ಎನ್. ಶಾನಭಾಗರು 1948ರಲ್ಲಿ ಶುರು ಮಾಡಿದ್ದು, ಅದೂ ಇಂಗ್ಲಿಷ್ ಪುಸ್ತಕದ ವ್ಯಾಪಾರ, 2018ರಲ್ಲಿ ಮುಚ್ಚಿತು.

ಸಹಕಾರ ಅಂದರೆ ಜನ ಹೆದರುತ್ತಾರೆ, ಗೊತ್ತು. 2019ರಲ್ಲಿ ಪಿಎಂಸಿ ಬ್ಯಾಂಕಿನ ಮುಂದೆ ನಿಂತ ಕ್ಯೂ ಯಾರೂ ಮರೆತಿಲ್ಲ. ಚುನಾವಣೆ, ಗುಂಪುಗಾರಿಕೆ, "ನಮ್ಮವರಿಗೆ ಉದ್ರಿ ಕೊಡಿ" ಅನ್ನುವವರು, ಎಲ್ಲಾ ಇದ್ದದ್ದೇ. ಆದ್ದರಿಂದ ನನ್ನ ಮೊದಲ ಶರತ್ತು, ಉದ್ರಿ ಇಲ್ಲ. ಅಧ್ಯಕ್ಷರಿಗೂ ಇಲ್ಲ.

ಎರಡು ರಾಜ್ಯಕ್ಕೆ ಸೇರಿದ ಸಂಘ ನೋಂದಾಯಿಸಲು 2002ರ ಬಹುರಾಜ್ಯ ಸಹಕಾರಿ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯದಿಂದ ಕನಿಷ್ಠ 50 ಜನ ಬೇಕು. ಊರಿನ ಕಡೆಯ 50 ಜನರನ್ನು ಓದುಗರಾದ ನೀವು ಹುಡುಕಿ. ಮುಂಬಯಿಯ 50ರಲ್ಲಿ ನನ್ನದೊಂದು ಶೇರು ಹಿಡಿಯಿರಿ. ಲೆಕ್ಕ ಬರೆಯುವ ಕೆಲಸ ಬೇಕಾದರೂ ಕೊಡಿ, ರಿಟೈರ್ಮೆಂಟ್ ಹತ್ತಿರ ಬಂತು.