ಬಾಂಬ್ ಬಿದ್ರೆ ಊರಿಗೆ ಓಡಿ ಬರಬೇಡಿ

2025ರ ಮೇ 7. ಬೆಳಗ್ಗೆ ಎದ್ದರೆ ‘ಆಪರೇಷನ್ ಸಿಂಧೂರ’ದ ಸುದ್ದಿ, ಅದೇ ದಿನ ದೇಶದ ತುಂಬ ಸೈರನ್ ಕೂಗಿಸುವ ಮಾಕ್ ಡ್ರಿಲ್. ಕರ್ನಾಟಕದಲ್ಲಿ ಡ್ರಿಲ್‌ಗೆ ಹೆಸರು ಬಂದದ್ದು ಬೆಂಗಳೂರು, ಕಾರವಾರ, ರಾಯಚೂರು. ಚಾಮರಾಜನಗರ ಆ ಪಟ್ಟಿಯಲ್ಲಿ ಇರಲಿಲ್ಲ, ಯಾಕಿಲ್ಲ ಅಂತ ಯಾರೂ ಕೇಳಲೂ ಇಲ್ಲ. ಆದ್ರೆ ಆ ಮೂರ್ನಾಲ್ಕು ದಿನ ಬೆಂಗಳೂರಿನ ಪಿಜಿ, ಹಾಸ್ಟೆಲ್‌ಗಳಲ್ಲಿದ್ದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಮನೆಯಿಂದ ಬರ್ತಿದ್ದ ಫೋನ್‌ಗಳಲ್ಲಿ ಹೆಚ್ಚುಕಮ್ಮಿ ಒಂದೇ ಮಾತು: “ಏನಾದ್ರು ಆದ್ರ ಊರ್‌ಗ ಬಂದ್ಬುಡು ಮಗ.”

ಅದರಲ್ಲಿರೋ ಪ್ರೀತಿ ದೊಡ್ಡದು. ಆದ್ರೆ ಅಣು ದುರಂತದ ಮಟ್ಟಿಗೆ ಒಂದು ಮನೆಯವರು ಮಾಡಬಹುದಾದ ಅತಿ ಕೆಟ್ಟ ತೀರ್ಮಾನ ಇದೇ ಅಂತ ನನ್ನ ವಾದ. ಮನೆಯ ತಯಾರಿ ಅಂದ ಕೂಡಲೇ ಟಾರ್ಚು, ಬಿಸ್ಕೆಟ್ಟು, ಬ್ಯಾಟರಿ ಪಟ್ಟಿ ಶುರುವಾಗುತ್ತೆ. ಅವೆಲ್ಲ ಬೇಕು, ಸರಿ. ಅದಕ್ಕಿಂತ ಮೊದಲು ಮನೆಯಲ್ಲಿ ಕೂತು ಒಂದು ವಿಷಯ ಒಪ್ಪಿಕೊಳ್ಳಬೇಕು: ಮೊದಲ 24 ಗಂಟೆ ಯಾರೂ ಯಾರನ್ನೂ ಕರ್ಕೊಂಡು ಬರೋಕೆ ಹೋಗೋದಿಲ್ಲ. ಎಲ್ಲಿದ್ದೀರೋ ಅಲ್ಲೇ, ಒಳಗೆ.

ಯಾಕೆ ಅಂತ ಹೇಳೋ ಮೊದಲು ನಮಗೆ ಏನೇನು ಆಗಬಹುದು ಅನ್ನೋದನ್ನ ನೋಡೋಣ. ‘ಅಣು’ ಅಂದ್ರೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಹೆದರೋದು ನಮ್ಮ ಅಭ್ಯಾಸ. ರಾಜ್ಯದಲ್ಲಿರುವ ಅಣು ವಿದ್ಯುತ್ ಸ್ಥಾವರ ಒಂದೇ, ಕಾರವಾರ ತಾಲೂಕಿನ ಕೈಗಾ, ಕಾಳಿ ನದಿ ದಡದಲ್ಲಿ. 220 ಮೆಗಾವಾಟ್‌ನ ನಾಲ್ಕು ಘಟಕ. ತುರ್ತು ಸ್ಥಿತಿಗೆ ಅಂತ ಅದರ ಸುತ್ತ ಹಾಕಿಕೊಂಡಿರುವ ಯೋಜನಾ ವಲಯ 16 ಕಿಲೋಮೀಟರ್. ಮ್ಯಾಪ್‌ನಲ್ಲಿ ಗೆರೆ ಎಳೆದು ನೋಡಿ, ಚಾಮರಾಜನಗರ ಅಲ್ಲಿಂದ 400 ಕಿಲೋಮೀಟರಿಗೂ ದೂರ. ಕೂಡಂಕುಳಂ ಕೂಡ ಅಷ್ಟೇ ದೂರ, ಕಲ್ಪಾಕ್ಕಂ ಸುಮಾರು 360. ಮೈಸೂರಿನ ಇಲವಾಲದ ಹತ್ತಿರ ರಟ್ನಹಳ್ಳಿಯಲ್ಲಿ ಯುರೇನಿಯಂ ಸಂವರ್ಧನೆ ಮಾಡುವ ಘಟಕ ಇದೆ, ಮೈಸೂರಿನವರು ಆರ್‌ಎಂಪಿ ಅಂತ ಕರೆಯೋದು. ಅದು ರಿಯಾಕ್ಟರ್ ಅಲ್ಲ. ಅಲ್ಲಿ ಅವಘಡ ಆದ್ರೆ ಮುಖ್ಯ ಭಯ ರಾಸಾಯನಿಕ ಅನಿಲದ್ದು, ಹತ್ತಿರದ ಊರುಗಳಿಗೆ. ಗುಂಡ್ಲುಪೇಟೆಗೆ ಅಲ್ಲ.

ಉಳಿದದ್ದು ಬಾಂಬು. ಬೆಂಗಳೂರು ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 135 ಕಿಲೋಮೀಟರ್. “ಬಾಂಬ್ ಬಿದ್ಮೇಲೆ ತಯಾರಿ ಏನ್ ಬಂತು, ಎಲ್ರೂ ಹೋದಂಗೆ” ಅಂತ ಕ್ಯಾಂಟೀನ್‌ನಲ್ಲಿ ಹೇಳೋರಿಗೆ ಇದೇ ಉತ್ತರ. 135 ಕಿಲೋಮೀಟರ್ ದೂರಕ್ಕೆ ಆ ಬೆಂಕಿಯೂ ಬರಲ್ಲ, ಅಪ್ಪಳಿಸುವ ಗಾಳಿಯೂ ಬರಲ್ಲ. ಬಂದರೆ ಧೂಳು ಬರುತ್ತೆ. ಬಾಂಬ್ ನೆಲಕ್ಕೆ ತಾಗಿ ಸಿಡಿದರೆ ಮಣ್ಣು ಮೇಲೆದ್ದು, ವಿಕಿರಣ ಅಂಟಿಕೊಂಡು, ಗಾಳಿಯ ಜೊತೆ ಹೋಗಿ ಎಲ್ಲೋ ಉದುರುತ್ತೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸೋದು, ಬೆಂಗಳೂರಿನ ಧೂಳು ಆಂಧ್ರ, ತಮಿಳುನಾಡಿನ ಕಡೆ ಹೋಗುತ್ತೆ. ಹಿಂಗಾರಿನ ಈಶಾನ್ಯ ಗಾಳಿಯಾದರೆ ನಮ್ಮ ಕಡೆ ತಿರುಗಬಹುದು. ಎತ್ತರದಲ್ಲಿ ಬೀಸೋ ಗಾಳಿ ಬೇರೆ ದಿಕ್ಕಿಗೂ ಇರಬಹುದು ಅನ್ನೋದು ನೆನಪಿರಲಿ. ಗಂಟೆಗೆ 35 ಕಿಲೋಮೀಟರ್ ಗಾಳಿ ಅಂದ್ಕೊಂಡ್ರೆ ಧೂಳು ಇಲ್ಲಿಗೆ ಬರೋಕೆ ಹತ್ತತ್ರ ನಾಲ್ಕು ಗಂಟೆ. ಅಂದ್ರೆ ಗುಂಡ್ಲುಪೇಟೆಯ ಒಂದು ಮನೆಗೆ ನೀರು ತುಂಬಿಸೋಕೆ, ದನ ಒಳಗೆ ಕಟ್ಟೋಕೆ, ಕಿಟಕಿ ಹಾಕೋಕೆ ಟೈಮ್ ಇದೆ. ಬೆಂಗಳೂರಿನ ಹೊರವಲಯದಲ್ಲಿ ಇರೋ ಮಗನಿಗೆ ಆ ಟೈಮ್ ಇಲ್ಲ. ಅವನು ಆ ಹೊತ್ತಿಗೆ ಬಸ್‌ಸ್ಟ್ಯಾಂಡ್‌ಗೆ ಹೊರಟಿದ್ದರೆ?

ದಸರಾ ರಜೆಗೆ ಊರಿಗೆ ಬರುವಾಗ ಕೆಂಗೇರಿ ದಾಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ನೆನಪು ಮಾಡ್ಕೊಳ್ಳಿ. ಇಡೀ ನಗರ ಒಟ್ಟಿಗೆ ಹೊರಟರೆ ಆ ರಸ್ತೆ ನಿಂತೇ ಹೋಗುತ್ತೆ. ನಿಂತ ಬಸ್ಸಿನ ಗಾಜು, ತಗಡು ವಿಕಿರಣವನ್ನ ತಡೆಯೋದು ಅಷ್ಟಕ್ಕಷ್ಟೇ. ಇತ್ತ ಅಪ್ಪ ಗೂಡ್ಸ್ ಆಟೋ ತಗೊಂಡು ಎದುರಿಗೆ ಹೊರಟಿರ್ತಾರೆ. ಹೊರಗೇ ಸಿಕ್ಕಿಕೊಂಡವರು ಇಬ್ಬರು. ಇನ್ನು ಊರಿಂದಲೇ ಕೇರಳದ ಕಡೆ ಹೋಗಿಬಿಡೋಣ ಅನ್ನೋರಿಗೆ: ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತೆ, 2009ರಿಂದಲೂ.

ಈಗ ನಮ್ಮ ಲೆಕ್ಕ. ಬಾಂಬಿನ ಧೂಳಿಗೆ ಒಂದು ಸರಳ ನಿಯಮ ಇದೆ. ಸಮಯ ಏಳು ಪಟ್ಟಾದಾಗ ವಿಕಿರಣದ ದರ ಹತ್ತನೇ ಒಂದಕ್ಕೆ ಇಳಿಯುತ್ತೆ. ಸಿಡಿದ ಒಂದು ಗಂಟೆಗೆ 100 ಇದ್ದರೆ 7 ಗಂಟೆಗೆ 10, ಎರಡು ದಿನಕ್ಕೆ 1, ಎರಡು ವಾರಕ್ಕೆ 0.1. ಒಂದು ದಿನ ಕಳೆಯೋ ಹೊತ್ತಿಗೆ 100 ಇದ್ದದ್ದು ಎರಡು ಚಿಲ್ಲರೆಗೆ ಬಂದಿರುತ್ತೆ. 24 ಗಂಟೆ ಒಳಗೆ ಕೂರಿ ಅನ್ನೋದು ಅದಕ್ಕೇ. (ರಿಯಾಕ್ಟರ್ ಅವಘಡಕ್ಕೆ ಈ ನಿಯಮ ನಡೆಯಲ್ಲ. ಅಲ್ಲಿಂದ ಬರೋ ಧಾತುಗಳ ಮಿಶ್ರಣವೇ ಬೇರೆ, ಅಷ್ಟು ಬೇಗ ಇಳಿಯಲ್ಲ. ಎರಡನ್ನೂ ಕಲಸಿ ರೀಲ್ಸ್ ಮಾಡೋರನ್ನ ನಂಬಬೇಡಿ.)

ಒಳಗೆ ಅಂದ್ರೆ ಎಲ್ಲಿ? ಸಿವಿಲ್‌ನವರು ಕೈ ಎತ್ತಿ. ಧೂಳಿನ ಗಾಮಾ ಕಿರಣವನ್ನ ಅರ್ಧ ಮಾಡೋಕೆ ಕಾಂಕ್ರೀಟ್ ಆದ್ರೆ ಸುಮಾರು 6 ಸೆಂಟಿಮೀಟರ್, ಗಟ್ಟಿ ಮಣ್ಣಾದ್ರೆ 9 ಸೆಂಟಿಮೀಟರ್ ಬೇಕು. ನಮ್ಮ ಅಜ್ಜಿ ಮನೆಗಳ ಒಂದೂವರೆ ಅಡಿ ಮಣ್ಣಿನ ಗೋಡೆ ಅಂದ್ರೆ 45 ಸೆಂಟಿಮೀಟರ್, ಐದು ಸಲ ಅರ್ಧ, 32ನೇ ಒಂದು ಪಾಲು. ಹೊಸ ಮನೆಗಳ ಗೋಡೆಗಿಂತ ಎಷ್ಟೋ ವಾಸಿ. ಆದ್ರೆ ಧೂಳು ಕೂರೋದು ಮೇಲೆ, ಮೇಲಿರೋದು ನಾಡಹೆಂಚು. ಅದು ತಡೆಯೋದು ಲೆಕ್ಕಕ್ಕಿಲ್ಲ. ಐದು ಇಂಚಿನ ತಾರಸಿ ಕಾಲು ಭಾಗಕ್ಕೆ ಇಳಿಸುತ್ತೆ, ಮೇಲೊಂದು ಮಹಡಿ ಇದ್ದರೆ ಇನ್ನೂ ಒಳ್ಳೇದು. ಹಾಸ್ಟೆಲ್‌ನಲ್ಲಿ ಇರೋರು ಟೆರೇಸ್ ಕೆಳಗಿನ ಫ್ಲೋರ್ ಬಿಟ್ಟು, ಮಧ್ಯದ ಫ್ಲೋರ್‌ನಲ್ಲಿ, ಕಿಟಕಿಯಿಂದ ದೂರ, ಕಾರಿಡಾರ್‌ನಲ್ಲಿ ಕೂತರೆ ಸಾಕು.

ಶೀಟ್ ಮನೆಯವರ ಕಥೆ ಏನು? ಶೀಟು ಏನನ್ನೂ ತಡೆಯಲ್ಲ. ಅವರು ಒಂದು ದಿನದ ಮಟ್ಟಿಗೆ ತಾರಸಿ ಇರೋ ಇನ್ನೊಬ್ಬರ ಮನೆಯೊಳಗೆ ಕೂರಬೇಕು. ಯಾರ ಮನೆಯಲ್ಲಿ, ಯಾರನ್ನ ನಡುಮನೆವರೆಗೂ ಬಿಟ್ಕೊತಾರೆ ಅನ್ನೋದಕ್ಕೆ ಉತ್ತರ ನಮ್ಮ ಸಿಲಬಸ್‌ನಲ್ಲಿ ಇಲ್ಲ ಅಂತ ನಮ್ಮೂರುಗಳನ್ನ ಕಂಡ ಎಲ್ಲರಿಗೂ ಗೊತ್ತು. ಸರ್ಕಾರಿ ಶಾಲೆಯ ತಾರಸಿ ಕಟ್ಟಡ ಎಲ್ಲರದ್ದು. ಬೀಗದ ಕೈ ಯಾರ ಹತ್ರ ಇರುತ್ತೆ ಅಂತ ಈಗಲೇ ತಿಳ್ಕೊಂಡಿರೋದು ಇಡೀ ಕೇರಿಗೆ ಒಂದು ಪೆಟ್ಟಿಗೆ ಬಿಸ್ಕೆಟ್‌ಗಿಂತ ದೊಡ್ಡ ತಯಾರಿ. ಕಾಡಂಚಿನ ಹಾಡಿಗಳಿಗೆ ಅದೂ ಹತ್ತಿರ ಇಲ್ಲ.

ನೀರಿನ ವಿಷಯ ಬೇಗ ಮುಗಿಸ್ತೀನಿ. ಬೋರ್‌ವೆಲ್ ನೀರಿಗೆ ಧೂಳಿನ ಭಯ ಇಲ್ಲ, ಆದ್ರೆ ಕರೆಂಟ್ ಬೇಕು. ಅದಕ್ಕೆ ಸುದ್ದಿ ಬಂದ ತಕ್ಷಣ ಇರೋ ಡ್ರಮ್ಮು, ಕೊಡ ತುಂಬಿಸಿ ಮುಚ್ಚಿಡಿ, ತೊಂಬೆಗೂ ಮುಚ್ಚಳ ಹಾಕಿ. ಕೆರೆ ನೀರು ಬೇಡ. ಹೊರಗಿದ್ದು ಬಂದವರು ಬಾಗಿಲಲ್ಲೇ ಬಟ್ಟೆ ಬಿಚ್ಚಿ ಕವರ್‌ಗೆ ಕಟ್ಟಿ ದೂರ ಇಟ್ಟು, ತಲೆಸ್ನಾನ ಮಾಡಿದರೆ ಮೈಮೇಲಿನ ಧೂಳಿನ ಬಹುಪಾಲು ಹೋಗುತ್ತೆ. ಸಾವಿನ ಮನೆಗೆ ಹೋಗಿ ಬಂದವರು ಬಚ್ಚಲು ದಾಟದೆ ಒಳಗೆ ಬರದ ಮನೆಗಳಿಗೆ ಇದನ್ನ ಹೇಳಿಕೊಡೋದು ಕಷ್ಟ ಆಗಲ್ಲ.

ಕಷ್ಟ ಆಗೋದು ಹಸುವಿನ ವಿಷಯ. ಡೈರಿಗೆ ಹಾಲು ಹಾಕೋ ಮನೆಯಲ್ಲಿ “ಒಂದು ದಿನ ಹೊರಗೆ ಬರಬೇಡಿ” ಅಂದ್ರೆ ನಗ್ತಾರೆ. ಬೆಳಗ್ಗೆ ಐದೂವರೆಗೆ ಕೆಚ್ಚಲು ತುಂಬಿರುತ್ತೆ, ಬಾಂಬಿನ ಸುದ್ದಿ ಅದಕ್ಕೆ ಗೊತ್ತಿಲ್ಲ. ಹಾಗಾಗಿ ತಯಾರಿ ಅಲ್ಲಿಂದಲೇ ಶುರುವಾಗಬೇಕು. ಧೂಳು ಬರೋ ಮೊದಲು ದನ ಕೊಟ್ಟಿಗೆಗೆ, ಮೆದೆಗೆ ಟಾರ್ಪಾಲು, ಎರಡು ದಿನಕ್ಕಾಗುವಷ್ಟು ಒಣಹುಲ್ಲು ಮತ್ತು ನೀರು ಒಳಗೆ. ಹಾಲು ಕರೆಯೋಕೆ ಹೋಗೋರು ಒಬ್ಬರೇ, ಮೂಗಿಗೆ ಬಟ್ಟೆ ಕಟ್ಟಿ, ಬೇಗ. ಆ ಮನೆಗಳಲ್ಲಿ ಇದನ್ನ ಸಾಮಾನ್ಯವಾಗಿ ಮಾಡೋದು ಅವ್ವ. ಹಾಗಾಗಿ ಮನೆಯಲ್ಲಿ ಈ ಮಾತು ಶುರು ಮಾಡೋದಾದ್ರೆ ಅವಳ ಜೊತೆ ಶುರು ಮಾಡಿ.

ಕರೆದ ಹಾಲನ್ನ ಏನು ಮಾಡೋದು? ಇಲ್ಲಿ 400 ಕಿಲೋಮೀಟರ್ ದೂರದ ಕೈಗಾ ಕೂಡ ಲೆಕ್ಕಕ್ಕೆ ಬರುತ್ತೆ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸಿಡಿದಾಗ ಹೊರಜಗತ್ತಿಗೆ ಸುಳಿವು ಸಿಕ್ಕಿದ್ದು ಸಾವಿರ ಕಿಲೋಮೀಟರಿಗೂ ಆಚೆ ಸ್ವೀಡನ್‌ನಲ್ಲಿ. ಅಷ್ಟು ದೂರದಲ್ಲಿ ಯಾರೂ ಓಡಬೇಕಿರಲಿಲ್ಲ. ಆದ್ರೆ ಸ್ಥಾವರದ ಸುತ್ತಲ ಉಕ್ರೇನ್, ಬೆಲಾರುಸ್, ರಷ್ಯಾದ ಪ್ರದೇಶಗಳಲ್ಲಿ ಹಸುಗಳು ಹುಲ್ಲು ಮೇಯ್ದವು, ಅಯೋಡಿನ್-131 ಹಾಲಿಗೆ ಬಂತು, ಮಕ್ಕಳು ಕುಡಿದರು. 2005ರ ಹೊತ್ತಿಗೆ ಆಗ ಮಕ್ಕಳಾಗಿದ್ದವರಲ್ಲಿ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾದವು, ಅದರಲ್ಲಿ ದೊಡ್ಡ ಪಾಲಿಗೆ ಈ ಹಾಲೇ ಕಾರಣ. ಆ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧ ಆಗುತ್ತೆ, 80 ದಿನಕ್ಕೆ ಸಾವಿರದ ಒಂದು ಪಾಲು. ಹಾಲನ್ನ ಪುಡಿ ಮಾಡಿ ಮೂರು ತಿಂಗಳು ಇಟ್ಟರೆ ಅಯೋಡಿನ್ ಮಟ್ಟಿಗೆ ತಂಟೆ ಮುಗೀತು. ಸೀಸಿಯಂ ಬೇರೆ, ಅದು ಅರ್ಧ ಆಗೋಕೆ 30 ವರ್ಷ. ಅಂದ್ರೆ ಹಾಲು ತಪಾಸಣೆ ಆಗೋವರೆಗೆ ಮನೆ ಮಕ್ಕಳಿಗೆ ಕೊಡಬಾರದು, ಡೈರಿಗೂ ಹಾಕಬಾರದು. ಆ ದಿನಗಳ ಬಟವಾಡೆ ಯಾರು ಕೊಡ್ತಾರೆ? ಚಾಮುಲ್, ಜಿಲ್ಲಾಡಳಿತ ಇದಕ್ಕೆ ಈಗಲೇ ಉತ್ತರ ಹೇಳಿಟ್ಟಿರಬೇಕು. ದುಡ್ಡು ಬರಲ್ಲ ಅಂದ್ರೆ ಹಾಲು ಕ್ಯಾನ್‌ಗೆ ಬಿದ್ದೇ ಬೀಳುತ್ತೆ, ಅದಕ್ಕೆ ರೈತರನ್ನ ಬೈದು ಉಪಯೋಗ ಇಲ್ಲ.

ಅಯೋಡಿನ್ ಅಂದ ಮೇಲೆ ಉಪ್ಪಿನ ಮಾತು ಬರುತ್ತೆ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಆದಾಗ ಚೀನಾದಲ್ಲಿ ಜನ ಅಯೋಡಿನ್ ಉಪ್ಪಿಗೆ ಮುಗಿಬಿದ್ದರು. ಲೆಕ್ಕ ಹಾಕಿ. ದೊಡ್ಡವರಿಗೆ ಕೊಡೋ 130 ಮಿಲಿಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಯಲ್ಲಿ ಅಯೋಡಿನ್ ಸುಮಾರು 100 ಮಿಲಿಗ್ರಾಂ. ನಮ್ಮ ಅಂಗಡಿಯ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕು ಅಂತ ನಿಯಮ. ಒಂದು ಮಾತ್ರೆಗೆ ಸಮ ಆಗೋಕೆ ಆರೂವರೆ ಕಿಲೋ ಉಪ್ಪು ತಿನ್ನಬೇಕು. ವಿಕಿರಣಕ್ಕಿಂತ ಮೊದಲು ಉಪ್ಪೇ ಕೊಲ್ಲುತ್ತೆ. ಗಾಯಕ್ಕೆ ಹಚ್ಚೋ ಟಿಂಕ್ಚರ್ ಕುಡಿಯೋದಂತೂ ವಿಷ. ಮಾತ್ರೆಯನ್ನೂ ಅಧಿಕಾರಿಗಳು ಹೇಳಿದಾಗ ಮಾತ್ರ ತಗೊಳ್ಳೋದು, ಅದು ಕಾಯೋದು ಥೈರಾಯ್ಡ್ ಒಂದನ್ನೇ.

ಸುದ್ದಿ ಹೇಗೆ ಜನರನ್ನ ಓಡಿಸುತ್ತೆ ಅನ್ನೋದಕ್ಕೆ ಜಪಾನು, ಚೀನಾ ಬೇಕಿಲ್ಲ. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಆಗ ವಾಟ್ಸಾಪ್ ಫ್ಯಾಮಿಲಿ ಗ್ರೂಪ್ ಇಷ್ಟು ಇರಲಿಲ್ಲ. ಫುಕುಶಿಮಾ ಪ್ರಾಂತ್ಯದಲ್ಲೇ ಮನೆ ಬಿಟ್ಟು ಓಡಾಡಿದ ತೊಂದರೆ, ತಪ್ಪಿದ ಚಿಕಿತ್ಸೆಯಿಂದ ಸತ್ತವರು ಅಂತ ಸರ್ಕಾರ ಒಪ್ಪಿಕೊಂಡ ಸಂಖ್ಯೆ 2,000 ದಾಟಿತು, ಹೆಚ್ಚಿನವರು ವಯಸ್ಸಾದವರು. ವಿಕಿರಣದಿಂದ ಸತ್ತದ್ದು ಅಂತ ಸರ್ಕಾರ 2018ರಲ್ಲಿ ಒಪ್ಪಿದ್ದು ಒಬ್ಬ ಕೆಲಸಗಾರನ ಸಾವನ್ನ. ಅಲ್ಲಿ ಹತ್ತಿರದವರು ಊರು ಬಿಡಲೇಬೇಕಿತ್ತು, ಆ ವಾದ ಬೇರೆ. ಆದ್ರೆ ಓಡೋದಕ್ಕೂ ಒಂದು ಬೆಲೆ ಇದೆ.

2021ರ ಮೇ ತಿಂಗಳ ಆ ರಾತ್ರಿ ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಇಲ್ಲದೆ ಏನಾಯ್ತು ಅಂತ ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ಆಗ ಹೇಳಿದ ಲೆಕ್ಕ 24 ಜನ. ಸಿಲಿಂಡರ್ ಮೈಸೂರಿಂದ ಬರಬೇಕಿತ್ತು. ಈ ಜಿಲ್ಲೆಗೆ ಬೇಕಾದ್ದೆಲ್ಲ ಹಾಗೇ ಬೇರೆ ಊರಿಂದ ಬರೋದು. ರಸ್ತೆ ನಿಂತರೆ ಇನ್ಸುಲಿನ್ ಬರಲ್ಲ, ಬಿಪಿ ಮಾತ್ರೆ ಬರಲ್ಲ. ಮನೆಯಲ್ಲಿ ಹಿರಿಯರಿದ್ದರೆ ಎರಡು ವಾರದ ಔಷಧಿ ಮುಂದಾಗಿ ತಂದಿಡಿ, ಬಾಂಬ್ ಬೀಳದಿದ್ರೂ ಉಪಯೋಗಕ್ಕೆ ಬರುತ್ತೆ. ಅಜ್ಜಿಯ ಕೀಪ್ಯಾಡ್ ಫೋನ್‌ಗೆ ಇಯರ್‌ಫೋನ್ ಚುಚ್ಚಿ ಮೈಸೂರು ಆಕಾಶವಾಣಿ ಹಿಡಿಯುತ್ತಾ ನೋಡಿ. ನೆಟ್‌ವರ್ಕ್ ಹೋದ್ರೂ ರೇಡಿಯೋ ಬರಬಹುದು. 2023ರ ಅಕ್ಟೋಬರ್‌ನಲ್ಲಿ ಎಲ್ಲರ ಫೋನು ಒಟ್ಟಿಗೆ ಕಿರುಚಿ ಎಮರ್ಜೆನ್ಸಿ ಅಲರ್ಟ್ ಬಂತಲ್ಲ, ಅದನ್ನ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದ್ರೆ ಆನ್ ಮಾಡ್ಕೊಳ್ಳಿ. ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077.

ಇಷ್ಟೆಲ್ಲ ಹೇಳಿದ ಮೇಲೂ, ನಮ್ಮ ಊರಿಗೆ ನಿಜಕ್ಕೂ ಬರಬಹುದಾದ ವಿಕಿರಣ ಅಪಾಯ ಯಾವುದು ಅಂದ್ರೆ ನಾನು ಕೈಗಾ ಅನ್ನಲ್ಲ, ಬಾಂಬ್ ಅನ್ನಲ್ಲ, ಗುಜರಿ ಅಂಗಡಿ ಅಂತೀನಿ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಕೋಬಾಲ್ಟ್-60 ಇದ್ದ ಹಳೇ ಯಂತ್ರ ಬಂತು. ದೆಹಲಿ ವಿಶ್ವವಿದ್ಯಾಲಯದವರು ಬಳಸದೆ ಬಿಟ್ಟು ಹರಾಜು ಹಾಕಿದ್ದು. ಬಿಚ್ಚಿದರು, ಹಂಚಿಕೊಂಡರು, ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ಇಂಥ ಮೂಲಗಳು ಆಸ್ಪತ್ರೆಯಲ್ಲಿ, ವೆಲ್ಡಿಂಗ್ ಪರೀಕ್ಷೆಯಲ್ಲಿ, ರಸ್ತೆ ಕಾಮಗಾರಿಯ ಅಳತೆ ಯಂತ್ರದಲ್ಲಿ ಇರುತ್ತವೆ, ಹೆದ್ದಾರಿಯಲ್ಲಿ ಓಡಾಡ್ತವೆ. ಸಣ್ಣ ಗಾತ್ರದಲ್ಲಿ ವಿಪರೀತ ಭಾರದ ಸೀಸದ ಡಬ್ಬಿ, ಮೇಲೆ ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಯ ಫ್ಯಾನ್ ಥರದ ಚಿಹ್ನೆ. ಕಂಡರೆ ಮುಟ್ಟಬಾರದು, ಒಡೆಯಬಾರದು, ಹಿಂದಕ್ಕೆ ಬಂದು 112ಕ್ಕೆ ಫೋನ್. ಒಂದು ಮೀಟರಿನಲ್ಲಿ ನಿಂತವನು ಹತ್ತು ಮೀಟರಿಗೆ ಸರಿದರೆ ಡೋಸು ನೂರನೇ ಒಂದು ಪಾಲು.

ಗುಜರಿ ಅಂಗಡಿಯ ಹುಡುಗರಿಗೆ ಆ ಚಿಹ್ನೆಯನ್ನ ಯಾರೂ ತೋರಿಸಿರಲ್ಲ. ಕಲರ್ ಪ್ರಿಂಟಿಗೆ ಹತ್ತು ರೂಪಾಯಿ, ಕೆಳಗೆ ಎರಡು ಸಾಲು ಕನ್ನಡ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಪೇಟೆಗಳ ಗುಜರಿ ಅಂಗಡಿಗಳನ್ನ ಒಂದು ಶನಿವಾರ ಸುತ್ತಿ ಬರಬಹುದು. ಯಾರ್ಯಾರು ಬರ್ತೀರಿ?