ಶಾ ಬಡಾವಣೆಗೆ ಹೊಸಬರು ಬಂದರು. ಹಳಬರಿಗೆ ಏನು ಸಿಕ್ಕಿತು?

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಶಾ ಮತ್ತು ಯು ಸ್ಟ್ರೀಟ್ ಅಕ್ಕಪಕ್ಕದ ಬಡಾವಣೆಗಳು. ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಬೆಳೆದದ್ದು ಇಲ್ಲೇ. ಕಪ್ಪು ವರ್ಣೀಯರ ಹೆಮ್ಮೆಯ ಹೋವರ್ಡ್ ವಿಶ್ವವಿದ್ಯಾಲಯವೂ ಪಕ್ಕದಲ್ಲೇ. 1970ರಲ್ಲಿ ನಗರದ ನೂರಕ್ಕೆ 71 ಜನ ಕಪ್ಪು ವರ್ಣೀಯರಿದ್ದರು. 2011ರ ಹೊತ್ತಿಗೆ ಅವರು ಅರ್ಧಕ್ಕಿಂತ ಕಡಿಮೆಯಾದರು. ಶಾದಲ್ಲಿ ಈಗ ಕೈತುಂಬ ಸಂಬಳದ ಹೊಸ ನಿವಾಸಿಗಳು, ಅವರಲ್ಲಿ ಬಹುಪಾಲು ಬಿಳಿಯರು. ಇದರಿಂದ ಹಳಬರಿಗೆ ಒಳ್ಳೆಯದಾಯಿತೇ?

ಪರ

ಈ ಬೀದಿಗಳು ಮೊದಲು ಹೇಗಿದ್ದವು ಎಂಬುದನ್ನು ಮರೆತರೆ ಹೊಸಬರ ವಿರುದ್ಧ ವಾದ ಸುಲಭ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ರಾತ್ರಿ ದೊಂಬಿ ಹೊತ್ತಿಕೊಂಡದ್ದು 14ನೇ ಬೀದಿ ಯು ಸ್ಟ್ರೀಟನ್ನು ಕೂಡುವಲ್ಲಿ. ಸುಟ್ಟ ಅಂಗಡಿಗಳ ಜಾಗ ವರ್ಷಗಟ್ಟಲೆ ಖಾಲಿ ಬಿತ್ತು. ಮುಂದೆ ಕ್ರ್ಯಾಕ್ ಕೊಕೇನ್ ಎಂಬ ಮಾದಕವಸ್ತು ಬಂತು. 1991ರಲ್ಲಿ ನಗರದಲ್ಲಿ 480ರ ಆಸುಪಾಸು ಕೊಲೆಗಳಾದವು, 2012ರಲ್ಲಿ 88. ಇದೆಲ್ಲ ಹೊಸಬರ ಪುಣ್ಯ ಎನ್ನುವುದಿಲ್ಲ, ಬೇರೆ ದೊಡ್ಡ ನಗರಗಳಲ್ಲೂ ಕೊಲೆ ಇಳಿದಿತ್ತು. ಆದರೆ ರಾತ್ರಿ ಹತ್ತಕ್ಕೆ ಮೆಟ್ರೋ ಇಳಿದು ನಡೆದು ಬರುವ ಅಜ್ಜಿಗೆ ಕಾರಣ ಯಾರಾದರೇನು?

ಕಪ್ಪು ವರ್ಣೀಯರನ್ನು ಹೊಸಬರೇ ಓಡಿಸಿದರು ಎನ್ನುವುದೂ ಅರ್ಧ ಸತ್ಯ. ವಸತಿಯಲ್ಲಿ ವರ್ಣಭೇದವನ್ನು 1968ರ ಕಾನೂನು ನಿಷೇಧಿಸಿದ ಮೇಲೆ ಕಪ್ಪು ವರ್ಣೀಯರ ಮಧ್ಯಮ ವರ್ಗ ಹಿತ್ತಲು, ಶಾಲೆ ಹುಡುಕಿಕೊಂಡು ಪಕ್ಕದ ಪ್ರಿನ್ಸ್ ಜಾರ್ಜಸ್ ಕೌಂಟಿಗೆ ಹೊರಟಿತ್ತು. 1950ರಲ್ಲಿ 8 ಲಕ್ಷವಿದ್ದ ನಗರದ ಜನಸಂಖ್ಯೆ 2000ದಲ್ಲಿ 5.72 ಲಕ್ಷ. 1995ರಲ್ಲಂತೂ ಬೊಕ್ಕಸ ಬರಿದಾಗಿ, ನಗರದ ಹಣಕಾಸನ್ನು ಸಂಸತ್ತು ಒಂದು ನಿಯಂತ್ರಣ ಮಂಡಳಿಯ ಕೈಗೆ ಕೊಟ್ಟಿತು. ತೆರಿಗೆ ಕಟ್ಟುವವರು ಬಾರದೆ ಶಾಲೆ, ಗ್ರಂಥಾಲಯ ನಡೆಯುವುದು ಹೇಗೆ?

ಇನ್ನು ಬಡವರೆಲ್ಲ ಎದ್ದು ಹೋದರೇ? ಲ್ಯಾನ್ಸ್ ಫ್ರೀಮನ್ ಮತ್ತು ಫ್ರಾಂಕ್ ಬ್ರಕೋನಿ 2004ರಲ್ಲಿ ನ್ಯೂಯಾರ್ಕ್ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಏಳಿಗೆ ಕಂಡ ಬಡಾವಣೆಗಳ ಬಡವರು ಬೇರೆಡೆಯವರಿಗಿಂತ ಕಡಿಮೆಯೇ ಮನೆ ಬಿಟ್ಟಿದ್ದರು. ಶಾದಲ್ಲಿ ಚರ್ಚುಗಳು ದೊಂಬಿಯ ನಂತರ ಸರ್ಕಾರಿ ನೆರವಿನಿಂದ ಕಟ್ಟಿಸಿದ ಕಡಿಮೆ ಬಾಡಿಗೆಯ ವಸತಿಗಳು ಇವೆ. ಸ್ವಂತ ಮನೆಯಿದ್ದ ಹಿರಿಯರ ಆಸ್ತಿಯ ಬೆಲೆ ಹಲವು ಪಟ್ಟಾಗಿದೆ. ಆದಾಯ ಮಿತಿಯೊಳಗಿದ್ದು 65 ದಾಟಿದವರಿಗೆ ಆಸ್ತಿ ತೆರಿಗೆಯಲ್ಲಿ ಅರ್ಧ ರಿಯಾಯಿತಿಯೂ ಉಂಟು.

ವಿರೋಧ

ಸ್ವಂತ ಮನೆಯಿದ್ದವರ ಮಾತು ಸರಿ. ಆದರೆ ಅವರೆಷ್ಟು ಜನ? ಮನೆ ಅಗ್ಗವಿದ್ದ ಕಾಲದಲ್ಲಿ, ಕಪ್ಪು ವರ್ಣೀಯರಿರುವ ಕೇರಿ ಎಂದರೆ ಸಾಲಕ್ಕೆ ಯೋಗ್ಯವಲ್ಲ ಎಂದು ಸರ್ಕಾರದ ಗೃಹಸಾಲ ನೀತಿಯೇ ಬರೆದಿಟ್ಟಿತ್ತು. ಕೊಳ್ಳಲು ಬಿಡದೆ ಬಾಡಿಗೆಯಲ್ಲಿ ಉಳಿಸಿ, ಬೆಲೆ ಏರಿದ ಮೇಲೆ 'ನೋಡಿ, ಮಾಲೀಕರಿಗೆ ಲಾಭವಾಯಿತು' ಎನ್ನುವುದು ಚೇಷ್ಟೆ.

ಎತ್ತಂಗಡಿ ಆಗಲೇ ಇಲ್ಲವೆಂಬಂತೆ ನ್ಯೂಯಾರ್ಕಿನ ಉದಾಹರಣೆ ತರುವುದೇಕೆ? ವಾಷಿಂಗ್ಟನ್ನಿನದೇ ಲೆಕ್ಕ ಇದೆ. ರಾಷ್ಟ್ರೀಯ ಸಮುದಾಯ ಮರುಹೂಡಿಕೆ ಒಕ್ಕೂಟ 2019ರಲ್ಲಿ ಕೊಟ್ಟ ವರದಿಯ ಪ್ರಕಾರ 2000ದಿಂದ 2013ರೊಳಗೆ ಇಲ್ಲಿ 20 ಸಾವಿರಕ್ಕೂ ಹೆಚ್ಚು ಕಪ್ಪು ವರ್ಣೀಯರು ಜಾಗ ಕಳೆದುಕೊಂಡರು.

ಉಳಿದವರ ಕಥೆಯನ್ನೂ ಕೇಳಬೇಕು. ಶಾ ಕುರಿತು ವರ್ಷಗಟ್ಟಲೆ ಅಧ್ಯಯನ ಮಾಡಿದ ಡೆರೆಕ್ ಹೈರಾ ಒಪ್ಪುತ್ತಾರೆ: ಚರ್ಚುಗಳ ವಸತಿಯಿಂದಾಗಿ ಅನೇಕ ಬಡವರು ಅಲ್ಲೇ ಇದ್ದಾರೆ. ಆದರೆ ಹಳಬರು, ಹೊಸಬರು ಒಂದೇ ಬೀದಿಯಲ್ಲಿದ್ದೂ ಬೆರೆಯುವುದಿಲ್ಲ. ಸ್ಥಳೀಯ ಸಮಿತಿಗಳಲ್ಲಿ ಹೊಸಬರ ಮಾತೇ ಮೇಲು. 2015ರಲ್ಲಿ 6ನೇ ಬೀದಿಗೆ ಸೈಕಲ್ ಪಥದ ಪ್ರಸ್ತಾಪ ಬಂದಾಗ, ಭಾನುವಾರ ದೂರದಿಂದ ಕಾರಿನಲ್ಲಿ ಬರುವ ಭಕ್ತರಿಗೆ ಜಾಗವಿಲ್ಲದಂತಾಗುತ್ತದೆ ಎಂದು ಒಂದು ಹಳೆಯ ಚರ್ಚು ಆಕ್ಷೇಪ ಎತ್ತಬೇಕಾಯಿತು. ಆ ಭಕ್ತರು ದೂರದಿಂದ ಬರುವುದೇಕೆ ಎಂಬುದರಲ್ಲೇ ಅರ್ಧ ಉತ್ತರವಿದೆ! 2019ರಲ್ಲಿ ಹೋವರ್ಡ್ ಆವರಣಕ್ಕೆ ನಾಯಿಗಳನ್ನು ಅಡ್ಡಾಡಿಸಲು ಕರೆತರುವುದಕ್ಕೆ ಆಕ್ಷೇಪ ಬಂದಾಗ ಸುತ್ತಲಿನ ನಿವಾಸಿಯೊಬ್ಬರು, ಇಷ್ಟವಿಲ್ಲದಿದ್ದರೆ ವಿಶ್ವವಿದ್ಯಾಲಯವೇ ಬೇರೆಡೆ ಹೋಗಲಿ ಎಂದರು. ಅದೇ ವರ್ಷ, 7ನೇ ಬೀದಿಯ ಮೊಬೈಲ್ ಅಂಗಡಿಯೊಂದು ದಶಕಗಳಿಂದ ಹೊರಗೆ ಹಾಕುತ್ತಿದ್ದ, ಈ ನಗರದ ಕಪ್ಪು ವರ್ಣೀಯರದೇ ಆದ ಗೋ-ಗೋ ಸಂಗೀತವನ್ನು, ಪಕ್ಕದ ಹೊಸ ಅಪಾರ್ಟ್‌ಮೆಂಟಿನವರ ದೂರಿನಿಂದಾಗಿ ನಿಲ್ಲಿಸಲಾಯಿತು. ಜನ ಬೀದಿಗಿಳಿದ ಮೇಲಷ್ಟೇ ಅದು ಮರಳಿತು. 2020ರಲ್ಲಿ ನಗರ ಅದನ್ನು ತನ್ನ ಅಧಿಕೃತ ಸಂಗೀತವೆಂದು ಘೋಷಿಸಿತು. ಯು ಸ್ಟ್ರೀಟಿನಲ್ಲಿ 'ದಿ ಎಲಿಂಗ್ಟನ್' ಎಂಬ ದುಬಾರಿ ಅಪಾರ್ಟ್‌ಮೆಂಟ್ ಇದೆ. ಹೆಸರು ಮಾರಾಟಕ್ಕೆ ಬೇಕು, ಸದ್ದು ಬೇಡ.

ಬೀದಿದೀಪ, ಅಂಗಡಿ ಯಾರಿಗೂ ಬೇಡವಾಗಿಲ್ಲ. ಕೇಳುವುದಿಷ್ಟು: ಅವು ಬಿಳಿಯರು ಬರುವವರೆಗೆ ಏಕೆ ಕಾದವು, ಬಂದ ಮೇಲೆ ಮನೆಗಳ ಕಾಗದಪತ್ರ ಯಾರ ಕೈಗೆ ಹೋಯಿತು? ಮಾಲೀಕ ಮನೆ ಮಾರುವಾಗ ಕೊಳ್ಳುವ ಮೊದಲ ಅವಕಾಶ ಬಾಡಿಗೆದಾರರಿಗೆ ಎಂಬ ಕಾನೂನು ಇಲ್ಲಿ 1980ರಲ್ಲೇ ಬಂತು. ನಗರದ ಸಾಲ ಸಿಕ್ಕ ಕಡೆ ಬಾಡಿಗೆದಾರರು ಸಹಕಾರ ಸಂಘ ಕಟ್ಟಿ, ಇಡೀ ಕಟ್ಟಡ ಕೊಂಡು ಉಳಿದರು. ಸಾಲ ಸಿಗದ ಕಡೆ ಆ ಹಕ್ಕು ಕಾಗದದಲ್ಲೇ ಉಳಿಯಿತು. 2018ರಲ್ಲಿ ಒಂಟಿಮನೆಗಳನ್ನು ಆ ಕಾನೂನಿನಿಂದ ಹೊರಗಿಟ್ಟರು.